ಧ್ವನಿಗೆ ಎರಡು ಅರ್ಥ

ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ ಚಿಕ್ಕಂದಿನಲ್ಲಿ ಬೀದಿಯಲ್ಲಿ ಬ್ಯಾಂಡಿನ ಮೆರವಣಿಗೆ ಕಂಡರೆ ಸಾಕು, ಹಿಂದೆಯೇ ನಡೆದುಬಿಡುತ್ತಿದ್ದರು. ದಣಿದಲ್ಲೇ ನಿದ್ದೆ. ಮನೆಯವರು ಹುಡುಕಿ ಸೋತು ಪೊಲೀಸರ ಮೊರೆ ಹೋಗಬೇಕಾಗುತ್ತಿತ್ತು. ಕೊನೆಗೆ ತಂದೆ ಗುರುರಾಜಾಚಾರ್ಯರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು, ಕಂಡವರು ಮನೆಗೆ ತಂದು ಬಿಡಲಿ ಎಂದು. ಮುಂದೆ ಭಾರತರತ್ನರಾದವರ ಕಥೆಯಾದ್ದರಿಂದ ಇದು ಉಳಿದುಕೊಂಡಿತು. ಅದೇ ಬ್ಯಾಂಡು ಅಂದು ಯಾರ ಮನೆಯ ತೊಟ್ಟಿಲ ಕೂಸನ್ನು ಎಬ್ಬಿಸಿ ಅಳಿಸಿತ್ತೋ, ಅದನ್ನು ಯಾರೂ ಬರೆದಿಟ್ಟಿಲ್ಲ.

ಸಪ್ಪಳದ ತೊಡಕೇ ಇದು. ಬೆಟಗೇರಿಯ ನೇಕಾರರ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮಗ್ಗದ ಖಟಖಟ ತಲೆನೋವು. ಆದರೆ ನೇಯುವ ಮನೆಯಲ್ಲಿ ಲಾಳಿ ಓಡುವಷ್ಟು ಹೊತ್ತು ಯಾರಿಗೂ ಅದು ಕೇಳಿಸುವುದೇ ಇಲ್ಲ. ಎಳೆ ಹರಿದು ಸಪ್ಪಳ ನಿಂತಾಗಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತುವುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ, ಬಡವರಾದ ಮಕ್ಕಳಿಗೆ ಹಾಡಲು ಕಲಿಸಿದರು. ಕಲಿಯುವ ಮಗು ಒಂದೇ ಸ್ವರವನ್ನು ನೂರು ಸಲ ತಪ್ಪಿ ತಿದ್ದಿಕೊಳ್ಳಬೇಕು. ನೂರೊಂದನೆಯದಕ್ಕೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಮೊದಲ ನೂರು ಪಕ್ಕದ ಮನೆಯವರ ಪಾಲು.

ಹಾಗಾದರೆ ಸಹಿಸುವುದೇ ಧರ್ಮವೇ?

ಈ ಪ್ರಶ್ನೆಗೆ ಹಳೆಯದೊಂದು ಉತ್ತರ ಈ ಸೀಮೆಯ ನಂಟಿನದೇ. ಸುಮಾರು 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದ ತಿರುಳಿರುವ ಊರುಗಳಲ್ಲಿ ಒಂದಾಗಿ ಪುಲಿಗೆರೆಯನ್ನು ಎಣಿಸುತ್ತದೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಬಂಗಾರ ಎಂದದ್ದೂ ಅದೇ ಗ್ರಂಥ. ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಮೂರನ್ನೂ ಇಟ್ಟುಕೊಂಡ ಊರಿಗೆ ಒಪ್ಪುವ ಮಾತು. ಆದರೆ ಸೈರಿಸಬೇಕಾದದ್ದು ಪರರ ವಿಚಾರ. ಪರರ ಸ್ಪೀಕರ್ ಎಂದು ಅಲ್ಲಿ ಹೇಳಿಲ್ಲ.

ಅದೇ ‘ಕವಿರಾಜಮಾರ್ಗ’ ಧ್ವನಿಯನ್ನೂ ಒಂದು ಅಲಂಕಾರವಾಗಿ ಹೇಳುತ್ತದೆ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಅದನ್ನು ಕಾವ್ಯದ ಆತ್ಮವೆಂದೇ ಸಾರಿದ. ಬಾಯಿಬಿಟ್ಟು ಹೇಳದ, ಆದರೂ ಕೇಳುವವನಿಗೆ ಮುಟ್ಟುವ ಅರ್ಥವೇ ಧ್ವನಿ. ಇಂದು ಆ ಪದಕ್ಕೆ ‘ವರ್ಧಕ’ ಅಂಟಿಸಿ ಕಂಬಕ್ಕೆ ಕಟ್ಟಿದ್ದೇವೆ, ಇರಲಿ. ಹಳೆಯ ಅರ್ಥದ ಧ್ವನಿ ಓಣಿಗಳಲ್ಲಿ ಇನ್ನೂ ಬದುಕಿದೆ. ಪಕ್ಕದ ಮನೆಯ ಟಿವಿ ರಾತ್ರಿಯೆಲ್ಲ ಅಬ್ಬರಿಸಿದರೆ ಮರುದಿನ ಒಂದು ತಾಟಿನಲ್ಲಿ ನಾಲ್ಕು ಕಡಬು ಹೋಗುತ್ತವೆ. “ಅಕ್ಕಾರ, ಬಿಸಿ ಅದಾವ್ರಿ, ತಗೋರಿ. ನಮ್ಮ ಹುಡುಗಂದು ಸೋಮವಾರದಿಂದ ಪರೀಕ್ಷಾ ಐತಿ ನೋಡ್ರಿ, ರಾತ್ರಿ ಹನ್ನೊಂದರ ತನಕ ಓದಕೋತ ಕುಂದರತಾನ.” ಟಿವಿಯ ಸುದ್ದಿಯೇ ಇಲ್ಲ. ಅಕ್ಕಾರಿಗೆ ತಿಳಿಯುತ್ತದೆ.

ಇದು ಅಂಜುಬುರುಕತನ, ನೇರ ಹೇಳುವುದೇ ಪ್ರಾಮಾಣಿಕತೆ ಎನ್ನುವವರಿದ್ದಾರೆ. ವಾದ ಬಿರುಸಾಗಿದೆ, ಪೂರ್ತಿ ಸರಿಯಲ್ಲ. ಕಡಬು ಕೊಟ್ಟವಳು ತನ್ನ ಮುಖ ಮರೆಮಾಡಿಲ್ಲ. ಎದುರಿನವಳ ಮುಖ ಉಳಿಸಿದ್ದಾಳೆ, ಅಷ್ಟೇ. ಓಣಿಯ ಹಿರಿಯರಿಂದ ಹೇಳಿಸುವುದು, ಅದಕ್ಕೂ ಬಗ್ಗದಿದ್ದರೆ ಮಠದ ಅಜ್ಜಾರ ಕಿವಿಗೆ ಹಾಕುವುದು ಈ ಸೀಮೆಯ ರೂಢಿ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅಂಥ ಕಡೆಯಿಂದ ಬಂದ ಮಾತು ಸೋಲಾಗಿ ಕಾಣದೆ ಪ್ರಸಾದವಾಗಿ ಕಾಣುತ್ತದೆ. ಹೆಸರಿಲ್ಲದ ಚೀಟಿ ಮಾತ್ರ ಬೇರೆ ಜಾತಿಯದು. ಅದು ಬಂದ ಮನೆಯವರು ಓಣಿಯ ಪ್ರತಿ ಬಾಗಿಲನ್ನೂ ಅನುಮಾನದಿಂದ ನೋಡತೊಡಗುತ್ತಾರೆ.

ಧ್ವನಿಗೆ ಸಹೃದಯ ಬೇಕು. ಡಿಜೆಗೆ ಕಡಬು ಕಳಿಸಿ ಏನು ಮಾಡುವುದು? ದೇವರ ಹೆಸರಿನ ಸದ್ದಾದರಂತೂ ಬಾಯಿ ತೆರೆಯುವುದೇ ಕಷ್ಟ. ಸೋಜಿಗವೆಂದರೆ ಗ್ರಂಥಗಳು ಆ ಸದ್ದಿನ ಪರ ಇಲ್ಲ. ಮನುಸ್ಮೃತಿ ಪಿಸುಮಾತಿನ ಜಪಕ್ಕೆ ನೂರು ಪಟ್ಟು, ಮನಸ್ಸಿನೊಳಗಿನದಕ್ಕೆ ಸಾವಿರ ಪಟ್ಟು ಹಿರಿಮೆ ಕೊಡುತ್ತದೆ. ಪ್ರಾರ್ಥನೆ ಬಹು ಜೋರೂ ಬೇಡ, ತೀರ ಮೆಲ್ಲಗೂ ಬೇಡ, ನಡುವಿನ ದಾರಿ ಹಿಡಿ ಎನ್ನುತ್ತದೆ ಕುರಾನ್. ಶಂಖ ಬಸದಿಯ ಜೈನರಿಗೆ ಮಾತಿನ ಹಿಡಿತವಾದ ವಾಗ್ಗುಪ್ತಿ ಒಂದು ಸಂಯಮ. ಪರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿರೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ, ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಕೂಡದು. 112ಕ್ಕೆ ಫೋನು ಮಾಡಬಹುದು. ಮಾಡಿದವರಿಗೂ ಮರುದಿನ ಅದೇ ನಳದ ಮುಂದೆ ಕೊಡ ಹಿಡಿದು ನಿಲ್ಲುವುದು ತಪ್ಪದು.

ಅತ್ತ ಕಡಬಿನ ತಾಟು ವಾರ ಕಳೆದು ಮರಳಿ ಬರುತ್ತದೆ. ತಾಟನ್ನು ಬರಿದೆ ಕಳಿಸುವ ಪದ್ಧತಿಯಿಲ್ಲ, ಅದರಲ್ಲಿ ಎರಡು ಶೇಂಗಾ ಹೋಳಿಗೆ. ಅಕ್ಕಾರು ಹೊಸ್ತಿಲಲ್ಲೇ ನಿಂತು ಕೇಳುತ್ತಾರೆ: “ಹುಡುಗಂದು ಪರೀಕ್ಷಾ ಮುಗೀತೇನ್ರಿ?”