ಕೊಬ್ಬರಿ ಕೈ, ಟಚ್‌ಪ್ಯಾಡ್ ಮೈ

ತೆಂಗಿನ ಸೀಮೆಯ ಲ್ಯಾಪ್‌ಟಾಪನ್ನು ಗುರುತು ಹಿಡಿಯುವುದು ಸುಲಭ. ಟಚ್‌ಪ್ಯಾಡಿನ ನಟ್ಟನಡುವೆ ಬೆರಳು ಓಡಾಡಿ ಓಡಾಡಿ ಮಿರಮಿರ ಅನ್ನುವ ಪಟ್ಟೆ ಬಿದ್ದಿರುತ್ತದೆ. ತುರುವೇಕೆರೆಗೋ ತಿಪಟೂರಿಗೋ ಹೋಗಿ, ಕೊಬ್ಬರಿ ಮಂಡಿಯ ಗಲ್ಲಾದ ಪಕ್ಕ ಒಮ್ಮೆ ಇಣುಕಿ ನೋಡಿ. ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಪಾಲು ಎಣ್ಣೆಯೇ. ಮೂಟೆಗೆ ಕೈ ಹಾಕಿ, ಒಂದು ಉಂಡೆ ಒಡೆದು, ಒಳಗಿನ ಬಿಳುಪು ನೋಡಿದ ಬೆರಳೇ ಮರುಗಳಿಗೆ ಇ-ಟೆಂಡರಿಗೆ ದರ ಹಾಕಲು ಕೂರುತ್ತದೆ. ಅಲ್ಲಿ ಕರ್ಸರ್ ಒಂದು ಸಾಲು ಕೆಳಗೆ ನೆಗೆದರೆ ಯಾರದೋ ಲಾಟಿಗೆ ಇನ್ಯಾರದೋ ದರ ಬಿದ್ದೀತು.

‘ಏನಣ್ಣ, ಮೌಸು ಹಿಂಗೆ ಕುಣೀತದೆ?’ ಅನ್ನುತ್ತಲೇ ಎಲ್ಲರೂ ಮಾಡುವುದು ಒಂದೇ ಕೆಲಸ: ಇನ್ನೂ ಜೋರಾಗಿ ಒತ್ತುವುದು. ಅದರಿಂದ ಏನೂ ಆಗದು. ಟಚ್‌ಪ್ಯಾಡಿಗೆ ಬೆರಳಿನ ಭಾರ ಬೇಕಿಲ್ಲ. ಅದರ ಮೈಯಡಿ ಹೆಣೆದ ಸಣ್ಣ ತಂತಿಜಾಲದಲ್ಲಿ ತುಸುವೇ ವಿದ್ಯುತ್ ಕ್ಷೇತ್ರವಿರುತ್ತದೆ. ಬೆರಳು ಹತ್ತಿರ ಬಂದಾಗ ಆಗುವ ವ್ಯತ್ಯಾಸವನ್ನು ಲೆಕ್ಕ ಹಾಕಿ ಪರದೆಯ ಮೇಲಿನ ಬಾಣವನ್ನು ಸರಿಸುತ್ತದೆ. 1994ರಲ್ಲಿ ಆಪಲ್‌ನ ಪವರ್‌ಬುಕ್ 500 ಸರಣಿಯೊಂದಿಗೆ ಲ್ಯಾಪ್‌ಟಾಪಿಗೆ ಬಂದ ಈ ಏರ್ಪಾಟು ಇವತ್ತಿಗೂ ಬಹುಮಟ್ಟಿಗೆ ಹಾಗೇ ಇದೆ. ನೀರಿನ ಹನಿಯೂ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಬಾಣ ದಿಕ್ಕು ತಪ್ಪುವುದು ಅದಕ್ಕೇ. ಎಣ್ಣೆಯದು ಬೇರೆ ಕಾಟ: ಅದು ಬೆರಳಿಗೂ ಮೈಗೂ ನಡುವೆ ಪದರ ಕಟ್ಟಿ, ದೂಳನ್ನು ಹಿಡಿದು ಕೂರಿಸುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಾಗಿಯ ಬೆಳಗಿನಲ್ಲಿ ಈ ಪದರ ಇನ್ನಷ್ಟು ಅಂಟಂಟು. ಸಿಮೆಂಟು ಮಾರುವ ಅಂಗಡಿಯಾದರೆ ಆ ಅಂಟಿನ ಮೇಲೆ ಬೂದಿಬಣ್ಣದ ಪುಡಿಯೂ ಸೇರಿತು. ಅದನ್ನು ಹೆಗಲ ಮೇಲಿನ ಟವೆಲ್ಲಿನಿಂದ ತಿಕ್ಕಿದಿರೋ, ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆಯೇ.

ಕೆಲಸ ಶುರುವಾಗಬೇಕಾದ್ದು ಲ್ಯಾಪ್‌ಟಾಪಿನಿಂದಲ್ಲ, ಕೈಯಿಂದ. ಮೊದಲು ಸೋಪು ಹಚ್ಚಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಆಮೇಲೆ ಚಾರ್ಜರ್ ಕಿತ್ತು, ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ. ಮುಚ್ಚಳ ಮುಚ್ಚಿ ತೆಗೆದರೆ ಸಾಲದು. ಮೇಲಿನ ದೂಳನ್ನು ಮೆತ್ತನೆ ಬ್ರಷ್ಷಿನಿಂದ ಸರಿಸಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಹಾರುತ್ತದೆ. ಕನ್ನಡಕದ ಡಬ್ಬಿಯಲ್ಲಿ ಕೊಡುವ ನಯವಾದ ಬಟ್ಟೆ ಇದ್ದರೆ ಅದೇ ಸಾಕು. ಅದಕ್ಕೆ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿಕೊಳ್ಳಿ. ಬಟ್ಟೆ ತಣ್ಣಗಾಗಬೇಕು, ಹಿಂಡಿದರೆ ತೊಟ್ಟಿಕ್ಕಬಾರದು. ದ್ರವವನ್ನು ನೇರವಾಗಿ ಟಚ್‌ಪ್ಯಾಡಿನ ಮೇಲೆ ಚಿಮುಕಿಸುವ ಮಾತೇ ಬೇಡ. ಸುತ್ತಲಿನ ಕೂದಲೆಳೆಯಷ್ಟು ಸಂದಿನಲ್ಲಿ ಇಳಿದದ್ದು ಕೆಳಗಿನ ಸರ್ಕ್ಯೂಟಿಗೇ ಹೋಗುತ್ತದೆ. ಆ ಸಂದಿಗೆ ಪಿನ್ನು ಹಾಕಿ ಕೆದಕುವವರೂ ಉಂಟು. ಅಲ್ಲಿ ಬ್ರಷ್ಷಿಗಿಂತ ಗಟ್ಟಿಯಾದದ್ದು ಏನೂ ಬೇಡ.

ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಇನ್ನೂ ಕಪಾಟಿನಲ್ಲಿದೆಯಲ್ಲ, ಅದೇ ಆಗದೇ ಅಂತ ಕೇಳುವವರಿದ್ದಾರೆ. ಕೈಯ ಚರ್ಮ ಒಣಗದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ಎಣ್ಣೆ ತೆಗೆಯಹೋಗಿ ಇನ್ನೊಂದು ಅಂಟು ಬಳಿದಂತಾಗುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸೀತು.

ಎರಡು ಸಲ ಹಗುರವಾಗಿ ಒರೆಸಿದ ಮೇಲೂ ಆ ಮಿರಮಿರ ಹೋಗಲಿಲ್ಲ ಅಂದರೆ ಅದು ಎಣ್ಣೆಯಲ್ಲ, ಸವೆತ. ಮೇಲ್ಮೈಯ ಸಣ್ಣ ಒರಟೇ ನುಣುಪಾಗಿದೆ. ಯಾವ ದ್ರವಕ್ಕೂ ಅದು ವಾಪಸು ಬರದು, ಬರದಿದ್ದರೂ ಕೆಲಸಕ್ಕೇನೂ ತೊಂದರೆಯಿಲ್ಲ.

ಶುಚಿ ಮಾಡಿದ ಮೇಲೂ ಬಾಣ ಕುಣಿದರೆ ಚಾರ್ಜರ್ ತೆಗೆದು ನೋಡಿ. ಆಗ ಸುಮ್ಮನಾಯಿತೋ, ಸಂಶಯಪಡಬೇಕಾದದ್ದು ಗೋಡೆಯ ಸಾಕೆಟ್ಟನ್ನು ಅಥವಾ ಚಾರ್ಜರನ್ನು. ನಮ್ಮ ಕಡೆಯ ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿರುತ್ತದೆ, ಮೂರನೆಯ ತೂತಿಗೆ ಅರ್ಥಿಂಗ್ ತಂತಿಯೇ ಬಂದಿರುವುದಿಲ್ಲ. ಅಲ್ಲಿ ಬಟ್ಟೆ ಹಿಡಿದು ಪ್ರಯೋಜನವಿಲ್ಲ, ವೈರಿಂಗಿನವನನ್ನು ಕರೆಯಬೇಕು.

ಇನ್ನೊಂದು ಲಕ್ಷಣವನ್ನಂತೂ ಕೊಳೆ ಅಂದುಕೊಳ್ಳಲೇಬೇಡಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆ, ಒತ್ತಿದರೆ ‘ಟಿಕ್’ ಅನ್ನುತ್ತಿಲ್ಲ, ಮುಚ್ಚಳ ಸಮನಾಗಿ ಕೂರುತ್ತಿಲ್ಲ ಅಂದರೆ ಕೆಳಗಿರುವ ಬ್ಯಾಟರಿ ಊದಿಕೊಂಡಿರಬಹುದು. ಹಲವು ಮಾದರಿಗಳಲ್ಲಿ ಬ್ಯಾಟರಿಯ ಜಾಗ ಅದೇ. ಒತ್ತಿ ಸರಿಮಾಡಲು ಹೋದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕದೆ, ಆಫ್ ಮಾಡಿ, ನೇರವಾಗಿ ರಿಪೇರಿ ಅಂಗಡಿಗೆ ಒಯ್ಯಿರಿ. ಅಲ್ಲಿಯವರೆಗೆ ಅದನ್ನು ಕೊಬ್ಬರಿ ಮೂಟೆಗಳ ನಡುವೆಯಂತೂ ಇಡಬೇಡಿ.