ಪಂಕ್ತಿಯಲ್ಲಿ ಬೆಲೆ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವು ಶರಣಚರಿತೆಯನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ಮಾರಯ್ಯನವರು ಅದನ್ನು ತಂದುದು ಸ್ವಂತ ಭೋಗಕ್ಕಲ್ಲ, ದಾಸೋಹಕ್ಕೆ. ಉದ್ದೇಶವು ಪವಿತ್ರವಾಗಿದ್ದರೂ ಆ ಹೆಚ್ಚಳವು ಲಕ್ಕಮ್ಮನವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಗಮನಾರ್ಹ.

ವೈದ್ಯವಿದ್ಯೆಯ ಪ್ರವೇಶದ ವಿಷಯವನ್ನು ಚಿಂತಿಸುವಾಗ ಈ ಪ್ರಸಂಗವು ನೆನಪಾಗದೆ ಇರದು. ಜನರು ಡೊನೇಷನ್ ಎಂದು ಕರೆಯುವ ವಂತಿಗೆಯನ್ನು ಕರ್ನಾಟಕವು 1984ರಲ್ಲಿಯೇ ಶಾಸನಮುಖೇನ ನಿಷೇಧಿಸಿತು. ಆದರೂ 1989ರ ಸರಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರನಾಡಿನವರಿಗೆ 60,000 ರೂಪಾಯಿಗಳೆಂದು ದರ ಕಟ್ಟಿತು. ಪಾಠವೊಂದೇ, ಶವಚ್ಛೇದನದ ಮೇಜೊಂದೇ. ಬೆಲೆ ಮಾತ್ರ ಮೂರು! 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ವಂತಿಗೆಯೇ ಸರಿಯೆಂದು ತೀರ್ಪಿತ್ತಿತು. 1993ರಲ್ಲಿ ಅರ್ಧ ಉಚಿತ, ಅರ್ಧ ಹಣದ ಸೀಟುಗಳೆಂಬ ಏರ್ಪಾಡಾಯಿತು. 2002ರಲ್ಲಿ ಅದೂ ರದ್ದಾಯಿತು. ಈ ಸೂಕ್ಷ್ಮಗಳನ್ನು ವಕೀಲರಿಗೆ ಬಿಡೋಣ.

ಮಠಗಳೂ ಇಂತಹ ಕಾಲೇಜುಗಳನ್ನು ನಡೆಸುತ್ತಿರುವುದರಿಂದ ಇದು ಪರರ ಮನೆಯ ವಿಚಾರವಲ್ಲ. ಧನಿಕರ ಹಣದಿಂದಲೇ ಬಡಮಕ್ಕಳ ಅನ್ನ ವಸತಿಗಳು ನಡೆಯುತ್ತಿಲ್ಲವೇ ಎಂದು ಕೇಳುವವರುಂಟು. ಮಾತು ಸುಳ್ಳಲ್ಲ, ಉಚಿತ ಪ್ರಸಾದನಿಲಯಗಳಿಂದ ಓದಿ ಮೇಲೆ ಬಂದವರ ಸಂಖ್ಯೆ ಅಲ್ಪವಲ್ಲ. ಆದರೆ ಭಕ್ತನು ತನ್ನ ಕಣಜದ ಧಾನ್ಯವನ್ನು ಕೊಡುವುದು ಬೇರೆ, ಸೀಟನ್ನು ಮಾರುವುದು ಬೇರೆ. ಸೀಟುಗಳು ಎಣಿಕೆಯವು. ಒಬ್ಬನು ಕೊಂಡನೆಂದರೆ, ಅವನಿಗಿಂತ ಅರ್ಹನಾದ ಮತ್ತೊಬ್ಬನು ಎಲೆಯ ಮುಂದಿನಿಂದ ಎದ್ದನೆಂದೇ ಅರ್ಥ. ಮೊದಲ ಸಾಲನ್ನು ಹಣಕ್ಕೆ ಕೊಟ್ಟು, ಬಂದ ಹಣದಿಂದ ಕಡೆಯ ಸಾಲಿಗೆ ಬಡಿಸಿದರೆ ಅದನ್ನು ದಾಸೋಹವೆನ್ನುವುದೆಂತು? ಪಂಕ್ತಿಭೇದವನ್ನು ಶರಣರು ಅಳಿಸಹೊರಟದ್ದು ಜಾತಿಯ ಸಾಲಿನಲ್ಲಿ ಮಾತ್ರವಲ್ಲ.

ಧನಿಕನ ಮಗನನ್ನು ದೂಷಿಸುವುದು ನಮ್ಮ ಅಭಿಪ್ರಾಯವಲ್ಲ. ಅರ್ಹತೆಯಿಂದಲೇ ಸ್ಥಾನ ಪಡೆದ ಬಳಿಕ ಅವನ ತಂದೆ ಶಕ್ತ್ಯನುಸಾರ ಹೆಚ್ಚು ಶುಲ್ಕ ತೆತ್ತರೆ ಆಕ್ಷೇಪವಿಲ್ಲ. (ಎರಡು ವರ್ಷ ಕೋಚಿಂಗಿಗೆ ಸುರಿದ ಹಣವೂ ಅಂಕಪಟ್ಟಿಯಲ್ಲಿ ಅರ್ಹತೆಯೆಂದೇ ಕಾಣುತ್ತದೆಂಬುದನ್ನು ನಾವು ಮರೆತಿಲ್ಲ, ಅದು ಬೇರೊಂದು ಲೇಖನಕ್ಕೆ ವಿಷಯ.)

ದಾಸೋಹಕ್ಕಾಗಿಯೇ ಹೆಚ್ಚು ಪಡೆಯುತ್ತಿದ್ದೇವೆನ್ನುವ ಆಡಳಿತಮಂಡಲಿಗಳು ಪ್ರತಿ ಸೀಟಿಗೆ ಬಂದ ಹಣವನ್ನೂ, ಅದರಲ್ಲಿ ಬಡವಿದ್ಯಾರ್ಥಿಗಳಿಗೆ ವೆಚ್ಚವಾದುದನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಭಕ್ತರ ಮುಂದಿಡಲಿ. ವಾದವು ಆಮೇಲೆ ಮುಂದುವರಿಯಬಹುದು.