ಬೆನ್ನ ಮೇಲಿನ ನಕ್ಷತ್ರ

ದೊಡ್ಡಪ್ಪನ ಸ್ಟ್ಯಾಂಪಿನ ಆಲ್ಬಮ್ಮು ನನ್ನ ಕೈಗೆ ಬಂದಾಗ ಅದರಿಂದ ಹೊಗೆಯ ವಾಸನೆ ಬರುತ್ತಿತ್ತು. ಉಳವಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ? ಅದಕ್ಕೇ ದೊಡ್ಡಮ್ಮ ಅದನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ಒಲೆಯ ನೇರಕ್ಕಿದ್ದ ಅಟ್ಟದ ಮೇಲೆ ಕೊಬ್ಬರಿಯ ಪಕ್ಕ ಇಟ್ಟಿದ್ದಳು. "ನಂಗೆ ಇದರದ್ದೊಂದೂ ತಿಳಿಯೋದಿಲ್ಲ ಮಾರಾಯ. ಬೆಲೆ ಬಾಳೋದಾದ್ರೆ ಮಾರು, ಇಲ್ಲದಿದ್ರೆ ನೀನೇ ಇಟ್ಕೊ" ಎಂದಳು.

ಬಾಳುತ್ತದೆ ಎಂಬ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ. ಸ್ಟ್ಯಾಂಪಿನ ಕಥೆಗಳೇ ಹಾಗೆ ಆಸೆ ಹುಟ್ಟಿಸುತ್ತವೆ. ಬ್ರಿಟಿಷ್ ಗಯಾನಾದಲ್ಲಿ 1873ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಮಾವನದೋ ಚಿಕ್ಕಪ್ಪನದೋ (ಇಂಗ್ಲಿಷಿನವರಿಗೆ ಎರಡೂ ಒಂದೇ) ಹಳೆಯ ಕಾಗದಗಳ ನಡುವೆ ಮೂಲೆ ಕತ್ತರಿಸಿದ ಒಂದು ಸೆಂಟಿನ ಚೀಟಿ ಸಿಕ್ಕಿತು. ಆರು ಶಿಲಿಂಗಿಗೆ ಮಾರಿಬಿಟ್ಟ. 1856ರ ಆ ಚೀಟಿ 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು. ನಮ್ಮ ಕಡೆ ಎಲ್ಲರ ಬಾಯಲ್ಲಿರುವುದು 1948ರ ಆಗಸ್ಟ್ 15ರಂದು ಹೊರಬಂದ, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಹತ್ತು ರೂಪಾಯಿಯ ಗಾಂಧಿ. ದೊಡ್ಡಪ್ಪನ ಆಲ್ಬಮ್ಮಿನಲ್ಲೂ ಗಾಂಧಿ ಇದ್ದರು. ಒಂದೂವರೆ ಆಣೆಯವರು.

ಬೆಂಗಳೂರಿನಲ್ಲಿ ಪರಿಚಯದವರು ಹೇಳಿದ ವ್ಯಾಪಾರಿಯೊಬ್ಬರ ಮನೆಗೆ ಹೋದೆ. ವಯಸ್ಸಾದವರು. ಆಲ್ಬಮ್ಮು ತೆರೆಯುವ ಮೊದಲು ಮೂಸಿ ನೋಡಿ, "ಮಲೆನಾಡಿನದ್ದಾ?" ಎಂದರು. ಆಮೇಲೆ ಪುಟ ತಿರುವಿದ್ದು ಇಪ್ಪತ್ತೇ ನಿಮಿಷ. ದೊಡ್ಡಪ್ಪ ನಲವತ್ತು ವರ್ಷ ಅಂಟಿಸಿದ್ದನ್ನು ಇಪ್ಪತ್ತು ನಿಮಿಷದಲ್ಲಿ ನೋಡಿ ಮುಗಿಸಿದರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಹಂಗೇರಿಯ ಚಿಟ್ಟೆಗಳ ಪುಟ ಬಂತು. ಚಿಕ್ಕವನಿದ್ದಾಗ ಇದೇ ನನಗೆ ಲೋಕದ ಬಾಗಿಲು. ಭೂಗೋಳದ ಪುಸ್ತಕದಲ್ಲಿ ಇಲ್ಲದ 'ಹೆಲ್ವೆಟಿಯಾ' ಎಂದರೆ ಸ್ವಿಟ್ಜರ್ಲೆಂಡು, 'ಮ್ಯಾಗ್ಯಾರ್ ಪೋಸ್ಟಾ' ಎಂದರೆ ಹಂಗೇರಿ, ದೇಶದ ಹೆಸರೇ ಇಲ್ಲದೆ ಬರೀ ರಾಣಿಯ ಮುಖವಿದ್ದರೆ ಬ್ರಿಟನ್ನು, ಇವನ್ನೆಲ್ಲ ಕಲಿತದ್ದು ದೊಡ್ಡಪ್ಪನ ಮಂಡಿಯ ಪಕ್ಕ ಕೂತು. ವ್ಯಾಪಾರಿ ಚಿಮಟದಿಂದ ಒಂದು ಚಿಟ್ಟೆಯನ್ನು ಎತ್ತಿ ಮಗುಚಿದರು. "ನೋಡಿ, ಮುಂದೆ ಮೂಲೆಯಲ್ಲಿ ನೀಟಾಗಿ ಠಸ್ಸೆ ಬಿದ್ದಿದೆ, ಹಿಂದೆ ಗೋಂದು ಹಾಗೇ ಇದೆ. ಅಂದ್ರೆ ಇದು ಯಾವ ಕಾಗದದ ಮೇಲೂ ಕೂತಿಲ್ಲ. ಸಂಗ್ರಹ ಮಾಡೋರಿಗೇ ಅಂತ ಠಸ್ಸೆ ಹೊಡೆದು ಮಾರಿದ್ದು." ಊರೂರು ಸುತ್ತಿ ಬಂದದ್ದೆಂದು ನಾನು ನಂಬಿದ್ದ ಚಿಟ್ಟೆ ಅಂಚೆಚೀಲದೊಳಗೆ ಒಮ್ಮೆಯೂ ಹಾರಿರಲಿಲ್ಲ.

ಅವರು ಮುಖ ನೋಡುತ್ತಲೇ ಇರಲಿಲ್ಲ. ಪ್ರತಿಯೊಂದನ್ನೂ ಮಗುಚಿ ಬೆನ್ನು ನೋಡುತ್ತಿದ್ದರು: ಗೋಂದು ಉಳಿದಿದೆಯೇ, ಹಳೆಯ ಅಂಟುಪಟ್ಟಿಯ ಕಲೆ ಇದೆಯೇ, ತೆಳುವಾಗಿದೆಯೇ, ಅಂಚಿನ ಹಲ್ಲು ಮುರಿದಿದೆಯೇ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಬೆನ್ನು ನೋಡಿರಲಿಲ್ಲ. 1949ರ ಆರಾಣೆಯ ಗೋಳಗುಮ್ಮಟವನ್ನು ದೊಡ್ಡಪ್ಪ ಎಷ್ಟು ಸಲ ತೋರಿಸಿದ್ದರೋ, ಲೆಕ್ಕವಿಲ್ಲ. ಕೊನೆಯ ಪುಟದಲ್ಲಿ 2006ರ, ಗಂಧದ ಪರಿಮಳದ ಹದಿನೈದು ರೂಪಾಯಿಯ ಚೀಟಿ. ಗುಡಿಗಾರರ ತಾಲ್ಲೂಕಿನವರಲ್ಲವೇ, ದೊಡ್ಡಪ್ಪ ಅದನ್ನು ಮೂಸಿ, "ಸೊರಬದ ಕೆತ್ತನೆಯವರ ಅಂಗಡಿ ಮುಂದೆ ಹಾದು ಹೋದ್ರೂ ಇದಕ್ಕಿಂತ ಜಾಸ್ತಿ ಬರ್ತದೆ" ಎಂದು ನಕ್ಕಿದ್ದರು. ಈಗ ಅದಕ್ಕೂ ಹೊಗೆಯದೇ ವಾಸನೆ.

ಐದನೇ ಜಾರ್ಜ್ ದೊರೆಯ ಪುಟಕ್ಕೆ ಬಂದಾಗ ವ್ಯಾಪಾರಿ ಒಳಗಿನಿಂದ ಒಂದು ಸಣ್ಣ ಕಪ್ಪು ತಟ್ಟೆ ತಂದರು. ಒಂದು ಚೀಟಿಯನ್ನು ಅದರಲ್ಲಿ ಬೋರಲು ಹಾಕಿ, ಶೀಶೆಯಿಂದ ನಾಲ್ಕು ಹನಿ ಬೆಂಜಿನ್ ಬಿಟ್ಟರು. ಬಿಳಿ ಕಾಗದ ಒದ್ದೆಯಾಗಿ ಕಪ್ಪಿಗೆ ತಿರುಗಿತು. ನಡುವೆ, ಸುತ್ತಲಿಗಿಂತ ಇನ್ನೂ ಕಪ್ಪಾಗಿ, ಒಂದು ನಕ್ಷತ್ರ ಎದ್ದಿತು. ಕಾಗದ ತಯಾರಾಗುವಾಗಲೇ ಅದರ ಮೈಯಲ್ಲಿ ಕೂತ ನೀರ್ಗುರುತು. ಮೊದಲು ಒಂದು ಚೀಟಿಗೆ ಒಂದೇ ನಕ್ಷತ್ರ ಇರುತ್ತಿತ್ತಂತೆ. 1926ರಲ್ಲಿ ನಾಸಿಕದಲ್ಲಿ ಅಚ್ಚು ಹಾಕಲು ತೊಡಗಿದ ಮೇಲೆ ಹಲವು. ಅವರು ಇನ್ನೇನೋ ವಿವರಿಸುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ. ಅರ್ಧ ನಿಮಿಷದಲ್ಲಿ ಬೆಂಜಿನ್ ಆರಿತು, ನಕ್ಷತ್ರ ಹೋಯಿತು, ಹಳೆಯ ಮಾಸಲು ಚೀಟಿ ಉಳಿಯಿತು.

"ಇದಕ್ಕೆ ಬೆಲೆ?"

"ಸಿಂಗಲ್ ಟೀ ಬರಬಹುದು" ಎಂದರು. ಆಮೇಲೆ ಏನೋ ನೆನಪಾದವರಂತೆ, "ಲಕೋಟೆಗಳು ಎಲ್ಲಿ?" ಎಂದು ಕೇಳಿದರು.

ಲಕೋಟೆಗಳು! ದೊಡ್ಡಪ್ಪ ಬ್ಲೇಡಿನಲ್ಲಿ ಚೀಟಿಯ ಸುತ್ತ ಚೌಕ ಕೊಯ್ದು, ತಟ್ಟೆಯ ನೀರಲ್ಲಿ ನೆನೆಸಿ ಬಿಡಿಸಿ, ಮೊರದ ಮೇಲೆ ಒಣಗಿಸುತ್ತಿದ್ದರು. ಉಳಿದ ಕಾಗದ ಹಂಡೆಯ ಒಲೆಗೆ. ಯಾವ ಊರಿನಿಂದ ಹೊರಟಿತು, ಎಲ್ಲೆಲ್ಲಿ ಹಾದು ಬಂತು, ಎಂದು ತಲುಪಿತು ಎಂಬ ಠಸ್ಸೆಗಳೆಲ್ಲ ಆ ಲಕೋಟೆಯ ಮೇಲಿರುತ್ತವೆ, ಚೀಟಿಗಿಂತ ಎಷ್ಟೋ ಸಲ ಅದಕ್ಕೇ ಬೆಲೆ ಎಂದು ಕೇಳಿ ನಾನು ಸುಮ್ಮನಾದೆ. ನಲವತ್ತು ವರ್ಷ ನಾವು ಅದರಲ್ಲಿ ಸ್ನಾನದ ನೀರು ಕಾಯಿಸಿದ್ದೇವೆ.

ವಿದೇಶಿ ಪುಟಗಳನ್ನು ಅವರಿಗೇ ಕೊಟ್ಟುಬಿಟ್ಟೆ. ಬಂದ ದುಡ್ಡು ಸೊರಬಕ್ಕೆ ಹೋಗಿ ಬರುವ ಬಸ್ ಚಾರ್ಜಿಗಿಂತ ತುಸು ಜಾಸ್ತಿ. ಬೆಂಜಿನ್ ಶೀಶೆಯೊಂದನ್ನು ಕೇಳಿ ಇಸಕೊಂಡೆ.

ಉಳವಿಯಲ್ಲಿ, ಒಲೆಯಿಂದ ದೂರ ಜಗಲಿಯಲ್ಲಿ ಕೂತು, ಕರಿ ಡಬ್ಬಿಯ ಮುಚ್ಚಳದಲ್ಲಿ ದೊಡ್ಡಮ್ಮನಿಗೆ ನಕ್ಷತ್ರ ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದಳು. ಆರಿದ ಮೇಲೆ ಇನ್ನೊಮ್ಮೆ ಹಾಕಿಸಿದಳು.

"ಅವರಿಗೆ ಗೊತ್ತಿತ್ತಾ ಇದು?"

ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡಮ್ಮ ಒಳಗೆ ಹೋದಳು. ಟ್ರಂಕಿನ ಬೀಗ ತೆಗೆದ ಸದ್ದು. ಬಂದವಳ ಕೈಯಲ್ಲಿ ಒಂದು ಲಕೋಟೆ, ಕೊಯ್ಯದೆ ಇಡಿಯಾಗಿ ಉಳಿದದ್ದು. "ಇದನ್ನೂ ಅದ್ದಿ ನೋಡು, ಏನು ಕಾಣ್ತದೆ" ಎಂದಳು.

ಅದ್ದುವುದೇ ಬೇಕಿರಲಿಲ್ಲ. 1964ರ ಪುರಂದರದಾಸರ ಚೀಟಿ, 15 ನಯಾಪೈಸೆ. ಮೂಗುತಿಯ ಬೆಲೆ ಕಟ್ಟಲು ಹೋಗಿ ಅಂಗಡಿಯನ್ನೇ ಬಿಟ್ಟೆದ್ದ ಮನುಷ್ಯ, ಇಂಥ ವ್ಯವಹಾರದಲ್ಲಿ ನನ್ನೆದುರು ಬಂದು ಕೂತಿದ್ದು ನೋಡಿ ನಗು ಬಂತು. ಮುಂಬಯಿಯ ಹೋಟೆಲಿನಲ್ಲಿದ್ದ ಅವಳ ತಮ್ಮ ಬರೆದದ್ದು. ವಿಳಾಸದಲ್ಲಿ ಊರಿನ ಹೆಸರಿನ ಮುಂದೆ 'ಮೈಸೂರು ರಾಜ್ಯ' ಎಂದಷ್ಟೇ ಇದೆ, ತಾಲ್ಲೂಕಿಲ್ಲ. ಪಿನ್‌ಕೋಡ್ ಬಂದದ್ದು 1972ರಲ್ಲಿ. ಅಂಚೆಯವರಿಗೆ ಉಳವಿ ಎಂದರೆ ಮೊದಲು ನೆನಪಾಗುವುದು ಉತ್ತರ ಕನ್ನಡದ ಕಾಡಿನೊಳಗಿನ ಚೆನ್ನಬಸವಣ್ಣನ ಉಳವಿಯೇ. ಕಾಗದ ಆ ಕಡೆ ಹೋಗಿದೆ. ಬೆನ್ನ ಮೇಲೆ ಒಂದರ ಮೇಲೊಂದು ಗುಂಡು ಠಸ್ಸೆ. ಒಂದರಲ್ಲಿ ದಾಂಡೇಲಿ ಎಂದು ಓದಬಹುದು. ಯಾವುದೋ ಅಂಚೆಯಣ್ಣ ಕೆಂಪು ಪೆನ್ಸಿಲಿನಲ್ಲಿ 'ಸೊರಬ ನೋಡಿ' ಎಂದು ಗೀಚಿದ್ದಾನೆ.

"ದೊಡ್ಡಪ್ಪ ಇದನ್ನ ಯಾಕೆ ಕೊಯ್ಲಿಲ್ಲ?"

"ನಾ ಕೊಟ್ರೆ ತಾನೆ" ಎಂದಳು ದೊಡ್ಡಮ್ಮ. "ಇದು ಬಂದದ್ದು ಗೌರಿಹಬ್ಬ ಕಳೆದ ಮೇಲೆ. ಅಷ್ಟರಲ್ಲಿ ನನ್ನ ತಮ್ಮನೇ ಬಂದು, ಹಬ್ಬ ಉಂಡು, ಇನ್ನೂ ಇಲ್ಲೇ ಇದ್ದ. ಪೋಸ್ಟಿನವನ ಕೈಯಿಂದ ಅವನೇ ಇಸ್ಕೊಂಡ. ಇದೇ ಜಗಲಿ ಮೇಲೆ ನಿಂತು, ನಮ್ಮೆಲ್ಲರಿಗೂ ಕೇಳೋ ಹಾಗೆ ದೊಡ್ಡದಾಗಿ ಓದಿದ: ಅಕ್ಕಾ, ನಾನು ಹಬ್ಬಕ್ಕೆ ಬರ್ತೇನೆ, ದಾರಿ ನೋಡ್ತಿರು ಅಂತ."